ಸಣ್ಣ ಚಕ್ರದ ಹಳೆ ಸ್ಪೋರ್ಟ್ಸ್ ಕಾರಿಗೆ ಯಾವ ಟೈರ್ ಹಾಕೋಣ?

ಬ್ರಿಟನ್ನಿನ ಎಂಜಿಬಿ, ಎಂಜಿ ಮಿಡ್ಜೆಟ್, ಟ್ರಯಂಫ್ ಸ್ಪಿಟ್‌ಫೈರ್, ಹಳೆಯ ಮಿನಿ, ಜಪಾನಿನ ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5. ಇವುಗಳಲ್ಲಿ ಯಾವ ಕಾರು ಇಟ್ಟುಕೊಂಡವರನ್ನು ಕೇಳಿದರೂ ಒಂದೇ ದೂರು: ‘ನಮ್ಮ ಸೈಜಿಗೆ ಒಳ್ಳೆ ಟೈರೇ ಸಿಗಲ್ಲ.’ ಅದರಲ್ಲಿ ಅರ್ಧ ನಿಜ ಇದೆ. 10 ಇಂಚಿನ ಚಕ್ರದ ಮಿನಿ ಕೂಪರ್ ಎಸ್ 1964, 1965 ಮತ್ತು 1967ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದಿತ್ತು. ಆ ಕಾಲದಲ್ಲಿ ಸಣ್ಣ ಚಕ್ರಕ್ಕೂ ದೊಡ್ಡ ಕಂಪನಿಗಳ ಒಳ್ಳೆಯ ರಬ್ಬರ್ ಸಿಗುತ್ತಿತ್ತು. ಈಗ 13, 14 ಇಂಚು ಅಂದರೆ ಕಡಿಮೆ ಬೆಲೆಯ ಸಿಟಿ ಕಾರು. ಮಿಶೆಲಿನ್‌ನ ಈಗಿನ ಪೈಲಟ್ ಸ್ಪೋರ್ಟ್ ಟೈರನ್ನು 14 ಇಂಚಿಗೆ ಕೇಳಿದರೆ ಇಲ್ಲ ಅಂತಲೇ ಉತ್ತರ. ಆ ಸೈಜಿನಲ್ಲಿ ಬರುವ ಹೆಚ್ಚಿನ ಟೈರುಗಳು ಜಾಸ್ತಿ ಕಿಲೋಮೀಟರ್ ಬಾಳಲಿ, ಪೆಟ್ರೋಲ್ ಉಳಿಸಲಿ, ಬೆಲೆ ಕಡಿಮೆ ಇರಲಿ ಅಂತ ಮಾಡಿದಂಥವು.

ಆದರೂ ದಾರಿಗಳು ನಾಲ್ಕಿವೆ. ಅದೇ ಸೈಜಿನ ಸಾಮಾನ್ಯ ಟೈರು ಹಾಕಬಹುದು. ಹಳೇ ವಿನ್ಯಾಸದಲ್ಲೇ ಈಗಲೂ ಹೊಸದಾಗಿ ತಯಾರಾಗುವ ಕ್ಲಾಸಿಕ್ ಟೈರು ತರಿಸಬಹುದು. ರಸ್ತೆಗೂ ಟ್ರ್ಯಾಕಿಗೂ ಆಗುವ ಮೆತ್ತನೆಯ ರಬ್ಬರಿನ ಟೈರು ತಗೊಳ್ಳಬಹುದು. ಇಲ್ಲವೇ ಚಕ್ರವನ್ನೇ ಒಂದಿಂಚು ದೊಡ್ಡದು ಮಾಡಬಹುದು. ಬ್ರಿಟನ್ನಿನಲ್ಲೋ ಅಮೆರಿಕದಲ್ಲೋ ಇರುವವರಿಗೆ ಈ ನಾಲ್ಕೂ ಕೈಗೆಟಕುತ್ತವೆ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಹಳೆ ಎಂಜಿ ಇಟ್ಟುಕೊಂಡವರ ಲೆಕ್ಕ ಸ್ವಲ್ಪ ಬೇರೆ. ಅದನ್ನು ಸಾಮಾನ್ಯ ಟೈರಿನ ಭಾಗದಲ್ಲೇ ಹೇಳುತ್ತೇನೆ.

ಯಾವುದು ಒಳ್ಳೆಯದು ಅಂತ ಕೇಳುವ ಮೊದಲು ಯಾವುದರಿಂದ ಅಳೆಯಬೇಕು ಅನ್ನುವುದು ಗೊತ್ತಿರಬೇಕು.

ಅಂಗಡಿಗೆ ಹೋಗುವ ಮೊದಲು

ಮೊದಲು ಟೈರಿನ ಪೂರ್ತಿ ಎತ್ತರ ನೋಡಿ. ಎಂಜಿಬಿಗೆ ತುಂಬ ಜನ ಹಾಕುವ ಅಳತೆ 165 ಆರ್ 14, ಅಂದರೆ 165 ಮಿಲಿಮೀಟರ್ ಅಗಲ, 14 ಇಂಚಿನ ರಿಮ್ಮಿನ ರೇಡಿಯಲ್ ಟೈರು. ಇದರಲ್ಲಿ ಪ್ರೊಫೈಲ್ (ಟೈರಿನ ಪಕ್ಕದ ಗೋಡೆ, ಅಂದರೆ ಸೈಡ್‌ವಾಲ್, ಅಗಲದ ಶೇಕಡಾ ಎಷ್ಟು ಎತ್ತರ ಅನ್ನುವುದು) ಬರೆದಿರುವುದಿಲ್ಲ. ಹೀಗೆ ಬರೆಯದೆ ಬಿಟ್ಟ ಹಳೆ ರೇಡಿಯಲ್‌ಗಳಲ್ಲಿ ಸೈಡ್‌ವಾಲಿನ ಎತ್ತರ ಅಗಲದ ಶೇ 82ರಷ್ಟು ಅಂತ ಲೆಕ್ಕ. ಅಗಲವನ್ನು ಈ ಶೇಕಡಾದಿಂದ ಗುಣಿಸಿ, ಎರಡು ಪಟ್ಟು ಮಾಡಿ, ಅದಕ್ಕೆ ರಿಮ್ಮಿನ ಇಂಚನ್ನು 25.4ರಿಂದ ಗುಣಿಸಿ ಸೇರಿಸಿದರೆ ಎತ್ತರ ಬರುತ್ತದೆ. 165 ಆರ್ 14ಕ್ಕೆ ಅದು 626 ಮಿಲಿಮೀಟರ್. ಅದರ ಬದಲು ಸುಲಭವಾಗಿ ಸಿಗುತ್ತದೆ ಅಂತ 175/70 ಆರ್ 14 (ಇಲ್ಲಿ 70 ಅನ್ನುವುದೇ ಪ್ರೊಫೈಲ್) ಹಾಕಿದರೆ ಎತ್ತರ 601ಕ್ಕೆ ಇಳಿಯುತ್ತದೆ. ಶೇ 4ರಷ್ಟು ಕಡಿಮೆ. ಸ್ಪೀಡೋಮೀಟರ್ ಮೊದಲು ಸರಿಯಾಗಿದ್ದರೂ ಈಗ ಅದು 100 ತೋರಿಸುವಾಗ ಕಾರು 96ರಲ್ಲಿರುತ್ತದೆ. ಹೈವೇಯಲ್ಲಿ ಎಂಜಿನ್ ಜಾಸ್ತಿ ತಿರುಗುತ್ತದೆ. ಮೊದಲೇ ನೆಲಕ್ಕೆ ಹತ್ತಿರ ಇರುವ ಕಾರು ಇನ್ನೂ 13 ಮಿಲಿಮೀಟರ್ ಕೆಳಗೆ ಕೂರುತ್ತದೆ. 185/70 ಆರ್ 14 ಹಾಕಿದರೆ ಎತ್ತರ 615, ವ್ಯತ್ಯಾಸ ಶೇ 2ಕ್ಕಿಂತ ಕಡಿಮೆ. ಆದರೆ ಎಂಜಿಬಿಯ ಹಳೆ ತಂತಿ ಚಕ್ರದ ರಿಮ್ ನಾಲ್ಕೂವರೆ ಇಂಚು ಅಗಲ ಮಾತ್ರ. 185ಕ್ಕೆ ಅದು ಕಟ್ಟಕಡೆಯ ಮಿತಿ. ಟೈರು ರಿಮ್ಮಿನ ಮೇಲೆ ಉಬ್ಬಿಕೊಂಡು ಕೂರುತ್ತದೆ, ತಿರುವಿನಲ್ಲಿ ಸೈಡ್‌ವಾಲ್ ವಾಲುತ್ತದೆ. ಅಗಲ ಹೆಚ್ಚಿದರೆ ಗ್ರಿಪ್ ಹೆಚ್ಚುತ್ತದೆ ಅಂತ ಸುಮ್ನೆ ನಂಬಿಬಿಡಬೇಡಿ.

ಆಮೇಲೆ ಸೈಡ್‌ವಾಲಿನ ಮೇಲಿನ ಭಾರದ ಸಂಖ್ಯೆ, ವೇಗದ ಅಕ್ಷರ. 82 ಅಂದರೆ ಒಂದು ಟೈರು 475 ಕೆಜಿ ಹೊರುತ್ತದೆ, 84 ಅಂದರೆ 500 ಕೆಜಿ. ಎಸ್ ಅಂದರೆ ಗಂಟೆಗೆ 180 ಕಿಲೋಮೀಟರ್, ಟಿ 190, ಎಚ್ 210, ವಿ 240. ಮಿಡ್ಜೆಟ್ ಮತ್ತು ಮಿನಿ 700 ಕೆಜಿಯ ಆಸುಪಾಸಿನ ಕಾರುಗಳು, ಎಂಜಿಬಿ ಮತ್ತು ಎಂಎಕ್ಸ್-5 ಒಂದು ಟನ್ನಿನ ಆಸುಪಾಸು. ಭಾರದ ವಿಷಯದಲ್ಲಿ ತೊಂದರೆ ಬರುವುದು ತೀರ ಅಪರೂಪ. ವೇಗದ ಅಕ್ಷರ ಮಾತ್ರ ಕಾರಿನ ಪೂರ್ತಿ ವೇಗಕ್ಕಿಂತ ಮೇಲೇ ಇರಲಿ.

ಈಗ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು: ಟೈರು ಹುಟ್ಟಿದ ವಾರ. ಸೈಡ್‌ವಾಲಿನ ಮೇಲೆ ಡಾಟ್ (DOT) ಅಂತ ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಅಲ್ಲಿ ಮೂರೇ ಅಂಕಿ ಇದ್ದರೆ ಅದು 2000ಕ್ಕೆ ಮೊದಲಿನ ಟೈರು, ಮುಟ್ಟಲೇಬೇಡಿ. ಐದು ವರ್ಷ ಬಳಸಿದ ಮೇಲೆ ಪ್ರತಿ ವರ್ಷ ಪರೀಕ್ಷೆ ಮಾಡಿಸಿ, ಹತ್ತು ವರ್ಷವಾದರೆ ನೋಡಲು ಚೆನ್ನಾಗಿದ್ದರೂ ಬದಲಿಸಿ ಅನ್ನುತ್ತದೆ ಮಿಶೆಲಿನ್.

ಹಳೆ ಸ್ಪೋರ್ಟ್ಸ್ ಕಾರಿನ ಟೈರು ಸವೆದು ಹಾಳಾಗುವುದಿಲ್ಲ, ವಯಸ್ಸಾಗಿ ಹಾಳಾಗುತ್ತದೆ. ವರ್ಷಕ್ಕೆ 3,000 ಕಿಲೋಮೀಟರ್ ಓಡಿಸುವವರು 60,000 ಕಿಲೋಮೀಟರ್ ಬಾಳುವ ಟೈರು ಹಾಕಿಕೊಂಡರೆ ಅದು ಸವೆಯಲು 20 ವರ್ಷ ಬೇಕು. ಅಷ್ಟು ಹೊತ್ತಿಗೆ ಬಟನ್ ತುಂಬ ಉಳಿದಿರುತ್ತದೆ, ಆದರೆ ರಬ್ಬರ್ ಗಟ್ಟಿಯಾಗಿ ಒದ್ದೆ ರಸ್ತೆಯಲ್ಲಿ ಹಿಡಿತವೇ ಇರುವುದಿಲ್ಲ. ಅಂದರೆ ನೀವು ದುಡ್ಡು ಕೊಟ್ಟು ಕೊಂಡ ಬಾಳಿಕೆಯಲ್ಲಿ ಕನಿಷ್ಠ ಅರ್ಧ ಭಾಗ ನಿಮಗೆ ಉಪಯೋಗಕ್ಕೇ ಬರಲ್ಲ. ಬೇಗ ಸವೆಯುವ, ಚೆನ್ನಾಗಿ ಹಿಡಿಯುವ ಟೈರೇ ಇಂಥ ಕಾರಿಗೆ ಹೆಚ್ಚು ಅರ್ಥದ್ದು. ದಿನಾ ಆಫೀಸಿಗೆ ಓಡಿಸುವ ಕಾರಿಗೆ ಈ ಮಾತು ಸಲ್ಲುವುದಿಲ್ಲ. ಭಾನುವಾರ ಮಾತ್ರ ಹೊರಬರುವ ಕಾರಿಗೆ ಪೂರ್ತಿ ಸಲ್ಲುತ್ತದೆ.

ಇನ್ನು ಮಳೆ. ಈ ಕಾರುಗಳಲ್ಲಿ ಹೆಚ್ಚಿನವಕ್ಕೆ ಎಬಿಎಸ್ ಇಲ್ಲ. ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವುದು ನಿಮ್ಮ ಕಾಲು ಮತ್ತು ಟೈರಿನ ರಬ್ಬರ್ ಮಾತ್ರ. ಹಾಗಾಗಿ ಒಣ ರಸ್ತೆಯ ಗ್ರಿಪ್ಪಿಗಿಂತ ಒದ್ದೆ ರಸ್ತೆಯ ಗ್ರಿಪ್ಪಿಗೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ.

ಸ್ಟೀರಿಂಗ್ ಹೇಗಿರಬೇಕು ಅನ್ನುವುದೂ ಲೆಕ್ಕಕ್ಕೆ ಬರಬೇಕು. ಸಣ್ಣ ಬ್ರಿಟಿಷ್ ಕಾರುಗಳಿಗೆ ಪವರ್ ಸ್ಟೀರಿಂಗ್ ಇಲ್ಲ. ತೆಳ್ಳಗಿನ ಎತ್ತರದ ಟೈರಿನಲ್ಲಿ ಅವು ಹಗುರವಾಗಿ ತಿರುಗುತ್ತವೆ. ಜಾರುವ ಮೊದಲು ಟೈರು ಮೆಲ್ಲಗೆ ಸುಳಿವು ಕೊಡುತ್ತದೆ, ಅದೂ ಕಡಿಮೆ ವೇಗದಲ್ಲೇ. ಈ ಕಾರುಗಳ ಸುಖವೇ ಅದು, ಅಲ್ವಾ? ಅಗಲದ, ಗಟ್ಟಿ ಸೈಡ್‌ವಾಲಿನ ಟೈರು ಹಾಕಿದರೆ ಜಾರುವುದು ತಡವಾಗುತ್ತದೆ, ಆದರೆ ಜಾರಿದಾಗ ಥಟ್ಟನೆ ಜಾರುತ್ತದೆ.

ಬೆಲೆಯನ್ನು ಕೊನೆಗೆ ಇಟ್ಟಿದ್ದೇನೆ. ಅದರ ಜೊತೆಗೆ ಇನ್ನೊಂದು ಪ್ರಶ್ನೆ ಇದೆ: ಆರು ವರ್ಷದ ಮೇಲೆ ಇದೇ ಟೈರು ಮತ್ತೆ ಸಿಗುತ್ತಾ? ಇಂಗ್ಲೆಂಡಿನ ಮೆಲ್ಕ್‌ಶಮ್‌ನಲ್ಲಿದ್ದ ಏವನ್ ಕಾರ್ಖಾನೆ ಕ್ಲಾಸಿಕ್ ಕಾರುಗಳಿಗೂ ರೇಸಿಗೂ ತುಂಬ ವರ್ಷ ಟೈರು ಮಾಡಿಕೊಟ್ಟಿತ್ತು. ಗುಡ್‌ಇಯರ್ ಕೈಗೆ ಹೋದ ಮೇಲೆ 2023ರ ಕೊನೆಗೆ ಅದು ಮುಚ್ಚಿತು. ಅದನ್ನೇ ನಂಬಿಕೊಂಡಿದ್ದವರು ಬೇರೆ ಟೈರು ಹುಡುಕಬೇಕಾಯಿತು.

ಅದೇ ಸೈಜಿನ ಸಾಮಾನ್ಯ ಟೈರು

ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಸುಲಭ. ಎಂಎಕ್ಸ್-5ಕ್ಕೆ ಕಂಪನಿಯೇ ಕೊಟ್ಟ ಸೈಜ್ 185/60 ಆರ್ 14. ಇದರಲ್ಲಿ ಯುರೋಪಿನ, ಜಪಾನಿನ, ತೈವಾನಿನ ಬಹಳ ಕಂಪನಿಗಳ ಟೈರುಗಳಿವೆ. ಸ್ಪಿಟ್‌ಫೈರ್ 1500ಕ್ಕೆ 155 ಆರ್ 13, ಮಿಡ್ಜೆಟ್‌ಗೆ 145 ಆರ್ 13. ಇವಕ್ಕೆ 80 ಪ್ರೊಫೈಲಿನ ಸಾಮಾನ್ಯ ಟೈರು ಸರಿಹೊಂದುತ್ತದೆ. 82ಕ್ಕೂ 80ಕ್ಕೂ ಎತ್ತರದಲ್ಲಿ ಐದಾರು ಮಿಲಿಮೀಟರ್ ವ್ಯತ್ಯಾಸ ಅಷ್ಟೇ.

ಒಳ್ಳೆಯ ಕಂಪನಿಯ ಹೊಸ ಸಾಮಾನ್ಯ ಟೈರಿನ ರಬ್ಬರ್ 1970ರ ಉತ್ತಮ ಟೈರಿಗಿಂತ ಮಳೆಯಲ್ಲಿ ಚೆನ್ನಾಗಿ ನಿಲ್ಲುತ್ತದೆ. ಇದನ್ನು ಒಪ್ಪಿಕೊಳ್ಳಲು ಹಳೆ ಕಾರಿನ ಪ್ರೇಮಿಗಳಿಗೆ ಸ್ವಲ್ಪ ಕಷ್ಟ. ಯುರೋಪಿನಲ್ಲಾದರೆ ಲೇಬಲ್ ನೋಡಿ. ಒದ್ದೆ ರಸ್ತೆಯ ಹಿಡಿತಕ್ಕೆ 2021ರ ಮೇ ತಿಂಗಳಿಂದ ಎ ಇಂದ ಇ ವರೆಗೆ ದರ್ಜೆ ಇದೆ. ಎ ಅಥವಾ ಬಿ ಸಿಕ್ಕರೆ ಬಿಡಬೇಡಿ. ಅಮೆರಿಕದಲ್ಲಾದರೆ ಸೈಡ್‌ವಾಲಿನ ಮೇಲೆ ಟ್ರೆಡ್‌ವೇರ್ ಸಂಖ್ಯೆ ಇರುತ್ತದೆ. 500, 600 ಅಂತಿದ್ದರೆ ರಬ್ಬರ್ ಗಟ್ಟಿ, ಬಾಳಿಕೆ ಜಾಸ್ತಿ. ಮೇಲೆ ಹೇಳಿದ ಲೆಕ್ಕದಂತೆ ಅದು ನಿಮಗೆ ಬೇಕಿಲ್ಲದ ಗುಣ. 300, 400ರ ಒಳಗಿನದು ಹುಡುಕಿ. ಅದರ ಪಕ್ಕದಲ್ಲೇ ಒದ್ದೆ ರಸ್ತೆಯ ಬ್ರೇಕಿಂಗಿಗೆ ಎಎ, ಎ, ಬಿ, ಸಿ ಅಂತ ಬರೆದಿರುತ್ತದೆ. ಬಿ ಇದ್ದರೆ ನಾನಂತೂ ತಗೊಳ್ಳುವುದಿಲ್ಲ.

ಕೊರತೆ ಇರುವುದು ಸ್ಟೀರಿಂಗಿನಲ್ಲಿ. ಪೆಟ್ರೋಲ್ ಉಳಿಸಲು ಮಾಡಿದ ಟೈರು ತಿರುವಿಗೆ ಕೊಂಚ ತಡವಾಗಿ ಉತ್ತರ ಕೊಡುತ್ತದೆ. ಎಂಎಕ್ಸ್-5ನಲ್ಲಿ ಇದು ಎದ್ದು ಕಾಣುತ್ತದೆ, ಯಾಕೆಂದರೆ ಆ ಕಾರಿನ ಚಾಸಿ ಅಷ್ಟು ಚುರುಕು. ಎಂಜಿಬಿಯಲ್ಲಿ ಅಷ್ಟೇನೂ ಗೊತ್ತಾಗಲ್ಲ.

ಈಗ ನಮ್ಮೂರಿನ ಮಾತು. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಗುಣಮಟ್ಟಕ್ಕೆ ಕೊಡುವ ಬಿಐಎಸ್ ಗುರುತೂ ಕಡ್ಡಾಯ. ಹಾಗಾಗಿ ಇಂಗ್ಲೆಂಡಿನಿಂದ ನಾಲ್ಕು ಕ್ಲಾಸಿಕ್ ಟೈರು ತರಿಸುತ್ತೇನೆ ಅನ್ನುವುದು ಈಗ ಸುಲಭದ ಮಾತಲ್ಲ. ಆದರೆ ಖುಷಿಯ ವಿಷಯ ಏನೆಂದರೆ, ಈ ಕಾರುಗಳ ಸೈಜುಗಳು ನಮ್ಮ ಮಾರುತಿಗಳಲ್ಲಿ ಇನ್ನೂ ಬದುಕಿವೆ. ಎಂಜಿಬಿಯ 165 ಆರ್ 14ಕ್ಕೆ ತೀರ ಹತ್ತಿರದ 165/80 ಆರ್ 14 ನಮ್ಮಲ್ಲಿ ಸ್ವಿಫ್ಟ್‌ನ ಕೆಳಗಿನ ಮಾಡೆಲ್‌ಗಳಿಗೆ ಬರುತ್ತದೆ. ಎತ್ತರ 620, ವ್ಯತ್ಯಾಸ ಬರೀ 6 ಮಿಲಿಮೀಟರ್. ಟಿ ದರ್ಜೆಯದಾದರೆ 190 ಕಿಲೋಮೀಟರ್ ವೇಗ ತಡೆಯುತ್ತದೆ, ಎಂಜಿಬಿ ಅಷ್ಟು ಓಡುವುದೇ ಇಲ್ಲ. ಸ್ಪಿಟ್‌ಫೈರ್‌ಗೆ ಹೊಂದುವ 155/80 ಆರ್ 13 ವ್ಯಾಗನ್ಆರ್‌ಗೆ ಬರುತ್ತದೆ. 1984ರಿಂದ ಮಿನಿಗೆ 12 ಇಂಚಿನ ಚಕ್ರ ಬಂತು, ಅದರ ಸೈಜ್ 145/70 ಆರ್ 12. ಮಾರುತಿ 800 ಇಟ್ಟುಕೊಂಡಿದ್ದವರಿಗೆ ಈ ನಂಬರ್ ಬಾಯಿಪಾಠ. ಅದೇ ಟೈರು! ಎಂಆರ್‌ಎಫ್, ಸಿಯೆಟ್, ಅಪೋಲೊ, ಜೆಕೆ ಅಂಗಡಿಗಳಲ್ಲಿ ವಿಚಾರಿಸಿ. ಮಾರಾಟ ಚೆನ್ನಾಗಿರುವ ಸೈಜುಗಳಾದ್ದರಿಂದ ತಯಾರಾಗಿ ಕೆಲವೇ ತಿಂಗಳಾದ ಟೈರು ಸಿಗುವ ಸಾಧ್ಯತೆ ಹೆಚ್ಚು. ಕರ್ನಾಟಕದಲ್ಲಿ ಇರುವವರಿಗೆ ನನ್ನ ಸಲಹೆ ಇಷ್ಟೇ: ಹಳೇ ಆಮದಿನ ಹೆಸರಾಂತ ಟೈರಿಗಿಂತ ಹೊಸದಾಗಿ ತಯಾರಾದ ಸ್ವಿಫ್ಟ್ ಟೈರು ನೂರು ಪಾಲು ಮೇಲು.

ಹಳೆ ವಿನ್ಯಾಸದ ಹೊಸ ಟೈರು

ಮಿಶೆಲಿನ್ 1960ರ ದಶಕದ ತನ್ನ ಎಕ್ಸ್‌ಎಎಸ್ ಟೈರನ್ನು ಈಗಲೂ ಮಾಡುತ್ತದೆ. ಪಿರೆಲ್ಲಿಯ ಸಿಂಟುರಾಟೊ ಸಿಎ67 ಹಾಗೆಯೇ. 165 ಎಚ್‌ಆರ್ 14 ಅಳತೆಯ ಸಿಎ67 ಹಳೆ ಆಲ್ಫಾ ರೋಮಿಯೊಗಳಿಗೂ ಎಂಜಿಬಿಗೂ ಹೇಳಿ ಮಾಡಿಸಿದಂತಿದೆ. ವ್ರೆಡೆಸ್ಟೀನ್‌ನ ಸ್ಪ್ರಿಂಟ್ ಕ್ಲಾಸಿಕ್ ಇವೆರಡಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತದೆ. ಈ ಡಚ್ ಕಂಪನಿ 2009ರಿಂದ ನಮ್ಮ ಅಪೋಲೊ ಟೈರ್ಸ್‌ನದು.

ಇವು ಗೋದಾಮಿನಲ್ಲಿ ಕೂತ ಹಳೇ ಮಾಲಲ್ಲ. ನೋಟ ಮತ್ತು ಆಕಾರ ಮಾತ್ರ ಆ ಕಾಲದ್ದು, ರಬ್ಬರಿನ ಮಿಶ್ರಣ ಈ ಕಾಲದ್ದು. ಇವುಗಳ ನಿಜವಾದ ಬೆಲೆ ಇರುವುದು ಒಳಗಿನ ಕಟ್ಟಿನಲ್ಲಿ. ಈಗಿನ ಟೈರಿನ ಭುಜ (ಮೇಲ್ಮೈ ಮತ್ತು ಸೈಡ್‌ವಾಲ್ ಕೂಡುವ ಅಂಚು) ಚೌಕಾಕಾರ, ಸೈಡ್‌ವಾಲ್ ಗಟ್ಟಿ. ಚಕ್ರ ನೆಟ್ಟಗೆ ನಿಂತಿರುವಂತೆ ನೋಡಿಕೊಳ್ಳುವ ಈಗಿನ ಸಸ್ಪೆನ್ಷನ್‌ಗೆ ಅದು ಸರಿ. ಹಳೆ ಕಾರು ತಿರುವಿನಲ್ಲಿ ವಾಲುತ್ತದೆ, ಅದರ ಜೊತೆ ಚಕ್ರವೂ ವಾಲುತ್ತದೆ. ದುಂಡು ಭುಜದ ಹಳೆ ವಿನ್ಯಾಸ ವಾಲಿದಾಗಲೂ ರಸ್ತೆಯನ್ನು ಸಮವಾಗಿ ಹಿಡಿಯುತ್ತದೆ. ಸ್ಟೀರಿಂಗ್ ಹಗುರವಾಗುತ್ತದೆ, ಗುಂಡಿಗಳ ಹೊಡೆತ ಮೆತ್ತಗಾಗುತ್ತದೆ. ಕಾರನ್ನು ವಿನ್ಯಾಸ ಮಾಡಿದವರು ಮನಸ್ಸಿನಲ್ಲಿಟ್ಟುಕೊಂಡ ಟೈರು ಇದು. ಹಾಕಿ ಓಡಿಸಿದ ಮೇಲೆ ‘ಓ, ಈ ಕಾರು ಹೀಗಿರಬೇಕಾಗಿತ್ತಾ’ ಅನ್ನಿಸುವುದು ಸಹಜ.

ತೊಂದರೆ ಎರಡು. ಒಂದು ಬೆಲೆ. ಸಾಮಾನ್ಯ ಟೈರಿನ ಎರಡು ಮೂರು ಪಟ್ಟು ಸುಲಭವಾಗಿ ಆಗುತ್ತದೆ, ಕೆಲವು ಅಳತೆಗಳಲ್ಲಿ ಇನ್ನೂ ಜಾಸ್ತಿ. ಇನ್ನೊಂದು, ಹೋಲಿಸಿ ನೋಡಲು ಅಧಿಕೃತ ದರ್ಜೆ ಸಿಗುವುದಿಲ್ಲ. 1990ರ ಅಕ್ಟೋಬರ್ 1ಕ್ಕೆ ಮೊದಲು ನೋಂದಣಿಯಾದ ವಾಹನಗಳಿಗೆಂದೇ ಮಾಡಿದ ಟೈರುಗಳಿಗೆ ಯುರೋಪಿನ ಲೇಬಲ್ ಬೇಕಿಲ್ಲ. ಹಾಗಾಗಿ ಕಂಪನಿಯ ಹೆಸರನ್ನೂ ಓಡಿಸಿದವರ ಮಾತನ್ನೂ ನಂಬಬೇಕು.

ಕೊಳ್ಳುವುದು ಎಲ್ಲಿ? ಬ್ರಿಟನ್ನಿನಲ್ಲಿ ಲಾಂಗ್‌ಸ್ಟೋನ್, ವಿಂಟೇಜ್ ಟೈರ್ಸ್, ಅಮೆರಿಕದಲ್ಲಿ ಕೋಕರ್. ಇವರು ಹಳೆ ಕಾರಿನ ಟೈರನ್ನೇ ಕಸುಬು ಮಾಡಿಕೊಂಡವರು. ಕಾರಿನ ಹೆಸರು ಹೇಳಿದರೆ ರಿಮ್ಮಿನ ಅಗಲ ಕೇಳುತ್ತಾರೆ. ಮೂಲೆಯ ಟೈರ್ ಅಂಗಡಿಯಲ್ಲಿ ಆ ಪ್ರಶ್ನೆ ಬರುವುದೇ ಇಲ್ಲ.

ಎಂಎಕ್ಸ್-5 ಇರುವವರು ಈ ಭಾಗವನ್ನು ಬಿಟ್ಟುಬಿಡಬಹುದು. 1989ರಲ್ಲಿ ಬಂದ ಆ ಕಾರು ಈಗಿನ ಬಗೆಯ ಟೈರಿಗೇ ರೂಪುಗೊಂಡದ್ದು.

ಮೆತ್ತನೆ ರಬ್ಬರಿನ ಟೈರು

ಮಿನಿಯ 10 ಇಂಚಿಗೆ 165/70 ಆರ್ 10 ಅಳತೆಯಲ್ಲಿ ಯೊಕೊಹಾಮಾ ಎ032ಆರ್ ಇದೆ. 13, 14 ಇಂಚಿಗೆ ಟೊಯೊ ಆರ್888ಆರ್ ಇದೆ. ನ್ಯಾನ್‌ಕಾಂಗ್‌ನವರೂ ಈ ಬಗೆಯ ಟೈರುಗಳನ್ನು ಸಣ್ಣ ಚಕ್ರಗಳಿಗೆ ಮಾಡುತ್ತಾರೆ. ರಸ್ತೆಯಲ್ಲಿ ಓಡಿಸಲು ಕಾನೂನಿನ ಒಪ್ಪಿಗೆ ಇದೆ, ಆದರೆ ಮನಸ್ಸೆಲ್ಲ ಟ್ರ್ಯಾಕಿನ ಮೇಲೆ.

ಒಣ ರಸ್ತೆಯಲ್ಲಿ, ರಬ್ಬರ್ ಬಿಸಿಯಾದ ಮೇಲೆ ಇವಕ್ಕೆ ಸಾಟಿ ಇಲ್ಲ. ಆದರೆ ತಣ್ಣನೆಯ ಬೆಳಗ್ಗೆ, ಮೊದಲ ಕೆಲವು ಕಿಲೋಮೀಟರ್‌ಗಳಲ್ಲಿ ಸಾಮಾನ್ಯ ಟೈರಿಗಿಂತ ಕಡಿಮೆ ಹಿಡಿಯಬಹುದು. ಗೀರುಗಳು ಕಡಿಮೆ ಇರುವುದರಿಂದ ರಸ್ತೆಯಲ್ಲಿ ನೀರು ನಿಂತಿದ್ದರೆ ಕಾರು ತೇಲುತ್ತದೆ. ಇಂಗ್ಲೆಂಡಿನ ನವೆಂಬರಿಗೆ ಇದು ಟೈರಲ್ಲ.

ಜನ ಅಷ್ಟಾಗಿ ಯೋಚಿಸದ ಇನ್ನೊಂದು ವಿಷಯ ಇದೆ. ಟೈರು ಜಾಸ್ತಿ ಹಿಡಿದರೆ ಆ ಬಲವೆಲ್ಲ ಎಲ್ಲೋ ಹೋಗಬೇಕು. ಅದು ಹೋಗುವುದು ಬೇರಿಂಗಿಗೆ, ಸಸ್ಪೆನ್ಷನ್ ಬುಷ್‌ಗಳಿಗೆ, ತಂತಿ ಚಕ್ರದ ತಂತಿಗಳಿಗೆ. 50 ವರ್ಷದ ಹಿಂದಿನ ಆ ಭಾಗಗಳನ್ನು ಇಷ್ಟು ಗ್ರಿಪ್ಪಿನ ಲೆಕ್ಕದಲ್ಲಿ ಮಾಡಿಲ್ಲ. ಸ್ಪಿಟ್‌ಫೈರ್ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. 1962ರಿಂದ 1970ರವರೆಗಿನ ಸ್ಪಿಟ್‌ಫೈರ್‌ಗಳ ಹಿಂದಿನ ಚಕ್ರಗಳು ಸ್ವಿಂಗ್ ಆಕ್ಸಲ್ (ಒಳತುದಿಯಲ್ಲಿ ಮಾತ್ರ ಕೀಲಿರುವ ಆಕ್ಸಲ್) ಮೇಲೆ ಕೂತಿವೆ. ತಿರುವಿನಲ್ಲಿ ಜೋರಾಗಿ ಹೋಗಿ ಥಟ್ಟನೆ ಆಕ್ಸಿಲರೇಟರ್ ಬಿಟ್ಟರೆ ಹೊರಗಿನ ಹಿಂಚಕ್ರ ಕಾರಿನ ಅಡಿಗೆ ಮಡಚಿಕೊಳ್ಳುತ್ತದೆ, ಹಿಂಭಾಗ ಮೇಲೇಳುತ್ತದೆ. ಟೈರು ಗಟ್ಟಿಯಾಗಿ ಹಿಡಿದಷ್ಟೂ ಈ ಎತ್ತುವ ಬಲ ಹೆಚ್ಚು. ಜಾರಿ ತಪ್ಪಿಸಿಕೊಳ್ಳುವ ಟೈರೇ ಇಲ್ಲಿ ಸುರಕ್ಷಿತ. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್‌ಗೂ ಇದೇ ಮಾತು. ಸ್ಪಿಟ್‌ಫೈರ್ ಹುಟ್ಟಿದ್ದೇ ಹೆರಾಲ್ಡ್‌ನ ಚಾಸಿಯಿಂದ.

ಹಾಗಾದರೆ ಯಾರಿಗೆ? ವರ್ಷಕ್ಕೆ ಹಲವು ಸಲ ಟ್ರ್ಯಾಕಿಗೆ ಹೋಗುವವರಿಗೆ, ಅದಕ್ಕೆಂದೇ ಇನ್ನೊಂದು ಸೆಟ್ ಚಕ್ರ ಇಟ್ಟುಕೊಳ್ಳುವವರಿಗೆ.

ಚಕ್ರವನ್ನೇ ದೊಡ್ಡದು ಮಾಡುವುದು

ಎಂಎಕ್ಸ್-5ರ ಮಟ್ಟಿಗೆ ಇದು ಬಲು ಒಳ್ಳೆಯ ದಾರಿ. ಕಂಪನಿ ಸೈಜಿನ ಎತ್ತರ 578 ಮಿಲಿಮೀಟರ್. 15 ಇಂಚಿನ ಚಕ್ರಕ್ಕೆ 195/50 ಆರ್ 15 ಹಾಕಿದರೆ 576. ಸ್ಪೀಡೋಮೀಟರ್‌ಗೆ ವ್ಯತ್ಯಾಸವೇ ಗೊತ್ತಾಗಲ್ಲ. ಈ ಸೈಜಿಗೆ ಬಂದ ತಕ್ಷಣ ಬಾಗಿಲುಗಳು ತೆರೆಯುತ್ತವೆ. ಯೊಕೊಹಾಮಾ ಅಡ್ವಾನ್ ನಿಯೋವಾ, ಬ್ರಿಜ್‌ಸ್ಟೋನ್ ಪೊಟೆಂಜಾ ಆರ್‌ಇ-71ಆರ್‌ಎಸ್, ಹ್ಯಾಂಕೂಕ್ ಆರ್‌ಎಸ್4, ಹೀಗೆ 200 ಟ್ರೆಡ್‌ವೇರಿನ ಒಳ್ಳೆಯ ಹೆಸರುಗಳು 195/50 ಆರ್ 15ರಲ್ಲಿವೆ. ರಸ್ತೆಗೇ ಸಾಕು ಅನ್ನುವವರಿಗೂ ಆಯ್ಕೆ ಜಾಸ್ತಿ.

ಬದಲಿಗೆ ಕೊಡಬೇಕಾದದ್ದು ಮೂರು. ಹೊಸ ಚಕ್ರದ ಖರ್ಚು ಮೊದಲನೆಯದು. ಬೋಲ್ಟ್‌ಗಳ ಅಳತೆ 4x100 (100 ಮಿಲಿಮೀಟರ್ ವ್ಯಾಸದ ವೃತ್ತದಲ್ಲಿ ನಾಲ್ಕು ಬೋಲ್ಟ್), ಆಫ್‌ಸೆಟ್ (ಚಕ್ರದ ನಡುಗೆರೆಯಿಂದ ಬೋಲ್ಟ್ ಕೂರುವ ಮುಖಕ್ಕಿರುವ ದೂರ) 45 ಮಿಲಿಮೀಟರಿನ ಆಸುಪಾಸು, ಅದಕ್ಕೆ ಹೊಂದುವ ಚಕ್ರವೇ ಆಗಬೇಕು. ಎರಡನೆಯದು ಮೆತ್ತನೆಯ ಓಟ. ಸೈಡ್‌ವಾಲ್ 111 ಮಿಲಿಮೀಟರಿನಿಂದ 98ಕ್ಕೆ ಇಳಿಯುತ್ತದೆ, ರಸ್ತೆಯ ಉಬ್ಬುತಗ್ಗು ಸೀಟಿಗೆ ಬರುತ್ತದೆ. ಮೂರನೆಯದು ಭಾರ. ಮಜ್ದಾದ ಮೂಲ 14 ಇಂಚಿನ ಅಲಾಯ್ ಐದೂವರೆ ಕೆಜಿಯ ಆಸುಪಾಸು ಮಾತ್ರ. ಅಗ್ಗದ 15 ಇಂಚಿನ ಚಕ್ರ ಅದಕ್ಕಿಂತ ಎರಡು ಮೂರು ಕೆಜಿ ಜಾಸ್ತಿ ತೂಗಿದರೆ ಆ ಕಾರಿನ ಚುರುಕು ಹೋಗುತ್ತದೆ. ಕೊಳ್ಳುವ ಮೊದಲು ತೂಕ ಕೇಳಿ. 16, 17 ಇಂಚಿಗೆ ಹೋಗುವುದಂತೂ ಬೇಡವೇ ಬೇಡ.

ಮಿನಿಯಲ್ಲಿ ಕತೆ ಬೇರೆ. 13 ಇಂಚಿಗೆ ಹೋಗಿ 175/50 ಆರ್ 13 ಹಾಕಿದ ಮಿನಿಗಳು ಬಹಳ ಇವೆ. ಕೊನೆಯ ವರ್ಷಗಳಲ್ಲಿ ಕಂಪನಿಯೇ ಸ್ಪೋರ್ಟ್ಸ್ ಪ್ಯಾಕ್‌ನಲ್ಲಿ ಕೊಟ್ಟಿತ್ತು. ನೋಡಲು ಗಟ್ಟಿಮುಟ್ಟು. ಆದರೆ ಹೆಚ್ಚಿನ ಮಿನಿಗಳ ಸಸ್ಪೆನ್ಷನ್ ಸ್ಪ್ರಿಂಗಲ್ಲ, ರಬ್ಬರ್ ಕೋನ್. ಮೊದಲೇ ಗಟ್ಟಿ. ಅದಕ್ಕೆ 88 ಮಿಲಿಮೀಟರಿನ ಸೈಡ್‌ವಾಲ್ ಸೇರಿದರೆ ಬೆನ್ನಿಗೆ ಕಷ್ಟ, ಸ್ಟೀರಿಂಗೂ ಭಾರ. ಓಡಿಸುವ ಸುಖಕ್ಕೆ ಮಿನಿ 10 ಇಂಚಿನಲ್ಲೇ ಚೆಂದ. 10 ಇಂಚಿಗೆ 165/70ರಲ್ಲಿ ಫಾಲ್ಕನ್ ಎಫ್‌ಕೆ07ಇ ರಸ್ತೆಯ ಬಳಕೆಗೆ ಸಮಾಧಾನದ ಆಯ್ಕೆ. ಆದರೆ 1984ರ ನಂತರದ ಕಾರಿನಲ್ಲಿ ಮುಂದಿನ ಡಿಸ್ಕ್ 8.4 ಇಂಚಿನದು, ಅದು 10 ಇಂಚಿನ ಚಕ್ರದೊಳಗೆ ಹಿಡಿಸುವುದಿಲ್ಲ. ಬ್ರೇಕ್ ಬದಲಿಸದೆ ಹಿಂದಕ್ಕೆ ಹೋಗಲು ಆಗಲ್ಲ. ಆ ಕಾರಿಗೆ 12 ಇಂಚೇ ಸರಿ.

ಎಂಜಿಬಿ, ಮಿಡ್ಜೆಟ್, ಸ್ಪಿಟ್‌ಫೈರ್‌ಗೆ ಚಕ್ರ ದೊಡ್ಡದು ಮಾಡುವುದರಿಂದ ಲಾಭ ಕಡಿಮೆ. ಅವುಗಳ ಸೈಜಿಗೆ ಟೈರು ಸಿಗುತ್ತದೆ, ಚಕ್ರ ದೊಡ್ಡದಾದರೆ ನೋಟವೂ ಕೆಡುತ್ತದೆ. ಜರ್ಮನಿಯಲ್ಲಿರುವವರು ಇನ್ನೊಂದು ನೆನಪಿಡಿ: ಕಾರಿನ ದಾಖಲೆಯಲ್ಲಿ ಇಲ್ಲದ ಸೈಜ್ ಹಾಕಿದರೆ ತಪಾಸಣೆ ಮಾಡಿಸಿ ಒಪ್ಪಿಗೆ ಪಡೆಯಬೇಕು.

ಯಾರಿಗೆ ಯಾವುದು

ಎಂಜಿಬಿಯೋ ಆಲ್ಫಾವೋ ಇದೆ, ತಿಂಗಳಿಗೆ ಎರಡು ಸಲ ಹಳ್ಳಿ ರಸ್ತೆಗಳಲ್ಲಿ ಸುತ್ತುತ್ತೀರಿ, ಕೈಯಲ್ಲಿ ದುಡ್ಡಿದೆ ಅಂದರೆ ಸಿಎ67 ಅಥವಾ ಎಕ್ಸ್‌ಎಎಸ್ ಹಾಕಿ. ದುಡ್ಡು ಸ್ವಲ್ಪ ಬಿಗಿ ಇದ್ದರೆ ಸ್ಪ್ರಿಂಟ್ ಕ್ಲಾಸಿಕ್. ಎರಡಕ್ಕೂ ಆಗಲ್ಲ ಅಂದರೆ ಒದ್ದೆ ರಸ್ತೆಗೆ ಒಳ್ಳೆ ದರ್ಜೆ ಇರುವ ಸಾಮಾನ್ಯ ಟೈರು, ಸರಿಯಾದ ಎತ್ತರದ್ದು. ಅದರಲ್ಲಿ ಕೀಳರಿಮೆ ಬೇಡ. ಉಳಿದ ದುಡ್ಡಿನಲ್ಲಿ ಹಳೆ ಬುಷ್‌ಗಳನ್ನು ಬದಲಿಸಿದರೆ ಕಾರು ಇನ್ನೂ ಚೆನ್ನಾಗಿ ತಿರುಗುತ್ತದೆ.

ಎಂಎಕ್ಸ್-5 ಇದ್ದು, ಮೂಲ ಚಕ್ರಗಳ ಮೇಲೆ ಪ್ರೀತಿ ಇದ್ದರೆ 14 ಇಂಚಿನಲ್ಲೇ ಇರಿ, ಕಡಿಮೆ ಟ್ರೆಡ್‌ವೇರಿನ ಸಾಮಾನ್ಯ ಟೈರು ಸಾಕು. ಚಾಸಿಯ ಪೂರ್ತಿ ರುಚಿ ಬೇಕು ಅಂದರೆ ಹಗುರ 15 ಇಂಚಿನ ಚಕ್ರ. ಮೂಲ ಚಕ್ರಗಳನ್ನು ಮಾರಬೇಡಿ, ಮುಂದೆ ಕಾರು ಕೊಳ್ಳುವವರು ಮೊದಲು ಕೇಳುವುದೇ ಅವನ್ನು. ಪ್ರದರ್ಶನಕ್ಕೆ ನಿಲ್ಲಿಸುವ ಕಾರಾದರೆ ನೋಟವೇ ಮುಖ್ಯ, ಕ್ಲಾಸಿಕ್ ಟೈರು ಬಿಟ್ಟು ಬೇರೆ ಯೋಚನೆ ಬೇಡ.

ಗೋದಾಮಿನಲ್ಲಿ ಉಳಿದ, ಒಮ್ಮೆಯೂ ಹಾಕದ ಹಳೇ ಟೈರನ್ನು ಅಪರೂಪದ ಮಾಲು ಅಂತ ಮಾರುವವರಿದ್ದಾರೆ. 15 ವರ್ಷದ ಟೈರು ಹೊಸದೂ ಅಲ್ಲ, ಸುರಕ್ಷಿತವೂ ಅಲ್ಲ. ಎಷ್ಟೇ ಅಗ್ಗವಾದರೂ ಬೇಡ.

ಹಾಕಿಸುವಾಗ

ತಂತಿ ಚಕ್ರಕ್ಕೆ ಟ್ಯೂಬು ಬೇಕು. ತಂತಿಗಳ ತಲೆಯ ಸುತ್ತ ಗಾಳಿ ಸೋರುತ್ತದೆ, ಸೀಲ್ ಮಾಡಿದ ಹೊಸ ಚಕ್ರಗಳು ಮಾತ್ರ ಇದಕ್ಕೆ ಹೊರತು. ಈಗಿನ ಕೆಲವು ಟ್ಯೂಬ್‌ಲೆಸ್ ಟೈರುಗಳ ಒಳಮೈ ಒರಟು, ಗೀರುಗಳಿರುತ್ತವೆ. ಅವು ಟ್ಯೂಬನ್ನು ಉಜ್ಜಿ ಉಜ್ಜಿ ತೂತು ಮಾಡುತ್ತವೆ. ಕೊಳ್ಳುವಾಗ ಒಳಗೆ ಕೈಯಾಡಿಸಿ ನೋಡಿ, ಟ್ಯೂಬಿಗೆ ಸರಿಹೊಂದುತ್ತದಾ ಅಂತ ಕೇಳಿ. ಕ್ಲಾಸಿಕ್ ಟೈರಿನ ಅಂಗಡಿಯವರಿಗೆ ಇದು ಗೊತ್ತಿರುತ್ತದೆ.

ಗಾಳಿಯ ವಿಷಯದಲ್ಲಿ ಅಂಗಡಿಯವರ ಅಭ್ಯಾಸಕ್ಕೆ ಬಿಡಬೇಡಿ. ಅವರು ಎಲ್ಲ ಕಾರಿಗೂ 32, 35 ತುಂಬುತ್ತಾರೆ. ಎಂಎಕ್ಸ್-5ಕ್ಕೆ ಮಜ್ದಾ ಹೇಳಿದ್ದು 26 ಪಿಎಸ್‌ಐ. ಹಗುರ ಕಾರಿಗೆ ಜಾಸ್ತಿ ಗಾಳಿ ತುಂಬಿದರೆ ಟೈರಿನ ನಡುಭಾಗ ಮಾತ್ರ ರಸ್ತೆಗೆ ತಾಗುತ್ತದೆ. ಎಷ್ಟೋ ಸಲ ‘ಈ ಟೈರು ಸರಿ ಇಲ್ಲ’ ಅನ್ನುವ ದೂರಿಗೆ ಕಾರಣ ಇದೇ. ಹೊಸ ಟೈರಿನ ಮೇಲ್ಮೈ ಮೊದಲು ನುಣುಪಾಗಿರುತ್ತದೆ. ಒಂದೆರಡು ನೂರು ಕಿಲೋಮೀಟರ್ ಮೆಲ್ಲಗೆ ಓಡಿಸಿ, ಆಮೇಲೆ ತೀರ್ಪು ಕೊಡಿ.

ಅಂಚೆಯಲ್ಲಿ ತರಿಸುವುದಾದರೆ ದುಡ್ಡು ಕಟ್ಟುವ ಮೊದಲು ಡಾಟ್ ಸಂಖ್ಯೆಯ ಫೋಟೊ ಕೇಳಿ, ನಾಲ್ಕರದ್ದೂ. ಬ್ರಿಟಿಷ್ ಕಾರಾದರೆ ನಾಲ್ಕಲ್ಲ, ಐದು ಕೊಳ್ಳಿ. ಡಿಕ್ಕಿಯಲ್ಲಿರುವ ಸ್ಟೆಪ್ನಿಯ ಸಂಖ್ಯೆಯನ್ನು ಇವತ್ತೇ ಓದಿ ನೋಡಿ. ಹಿಂದಿನ ಮಾಲೀಕರು ಹಾಕಿಸಿದ, 20 ವರ್ಷ ದಾಟಿದ ಟೈರು ಅಲ್ಲಿ ಕೂತಿರುವ ಸಾಧ್ಯತೆ ಬಹಳ. ಐದನ್ನೂ ಒಟ್ಟಿಗೆ ಹಾಕಿಸಿ, ವರ್ಷಕ್ಕೊಮ್ಮೆ ಸ್ಟೆಪ್ನಿಯನ್ನೂ ಸರದಿಗೆ ಸೇರಿಸಿಕೊಳ್ಳಿ.